ಬೃಂದಾವನದಾಚೆಯ ತೋಟ

"ಮೈಸೂರಿಗೆ ಹೋಗಿ ಬೃಂದಾವನ ನೋಡ್ಕೊಂಡು ಬಂದ್ವಿ" ಅನ್ನುವವರಿಗೆ ಮಂಡ್ಯದವಳಾಗಿ ಒಂದು ಮಾತು: ಆ ತೋಟ ಇರೋದು ನಮ್ಮ ಜಿಲ್ಲೆಯಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಅಣೆಕಟ್ಟೆಯ ಬುಡದಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸೆ, ಉದ್ಯಾನ ತಜ್ಞ ಕ್ರುಂಬಿಗಲ್ ಅವರ ವಿನ್ಯಾಸ; 1932ಕ್ಕೆ ತೋಟ ಸಿದ್ಧವಾಯಿತು. ಸಂಜೆ ಕಾರಂಜಿಗೆ ಬಣ್ಣದ ದೀಪ ಬಿದ್ದಾಗ ಎಂಥವರ ಮನಸ್ಸೂ ಅರಳುತ್ತದೆ, ನಿಜ. ಆದರೆ ಅದೇ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆ ಹಿಡಿದು, ಹುಲಿಕೆರೆಯ ಸುರಂಗ ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಇಳಿಯುತ್ತದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಒಣಭೂಮಿ ಕಬ್ಬು, ಭತ್ತದ ಗದ್ದೆಯಾದದ್ದು ಹಾಗೆ. ನನ್ನ ಕಣ್ಣಿಗೆ ಇದೇ ದೊಡ್ಡ ತೋಟ. ಮುಂದಿನ ಸಲ ಬಂದಾಗ ಕಾರಂಜಿ ನೋಡಿ ಹಾಗೇ ಹಿಂತಿರುಗಬೇಡಿ. ನಾಲೆ ಏರಿಯ ಮೇಲೆ ಒಂದಿಷ್ಟು ದೂರ ನಡೆದು ಹೋಗಿ.