ಗುಂತಕಲ್ಲಿನಲ್ಲಿ ಕವಲೊಡೆಯುವ ದಾರಿ

ಕೋಸಿಗಿಯಲ್ಲೋ ಆದವಾನಿಯಲ್ಲೋ ರೈಲು ಹತ್ತಿದವರಿಗೆ ಮೊದಲ ಒಂದು ಗಂಟೆ ಕಾಣುವುದು ಎರೆಭೂಮಿ, ಹತ್ತಿಯ ಹೊಲ, ಬಂಡೆಗುಡ್ಡ. ಗುಂತಕಲ್ಲಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹಳಿ ಧರ್ಮಾವರ, ಹಿಂದೂಪುರಗಳ ಮೂಲಕ ಬೆಂಗಳೂರಿಗೆ. ಇನ್ನೊಂದು ಕಡಪ, ರೇಣಿಗುಂಟಗಳ ಮೂಲಕ ಮದ್ರಾಸಿಗೆ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ಕುಟುಂಬಗಳು ಯಾವ ಹಳಿಯನ್ನು ಹಿಡಿದರೂ, ಬಾಂಬರ್ ವಿಮಾನ ಮತ್ತು ಮೋಟಾರು ಗಾಡಿಗಳ ಒಂದೇ ಕಥೆಯ ಎರಡು ತುದಿಗಳಲ್ಲೊಂದನ್ನು ಮುಟ್ಟಬಹುದು.

ಬೆಂಗಳೂರಿನ ತುದಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್.ಎ.ಎಲ್. ಸಂಗ್ರಹಾಲಯ. ಅದರ ಹಿಂದಿರುವ ಕಾರ್ಖಾನೆ ಹುಟ್ಟಿದ ಬಗೆ ವಿಚಿತ್ರವಾದುದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ದೇಶದಲ್ಲಿ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅಷ್ಟರಲ್ಲಿ ಮಹಾಯುದ್ಧ ಬಂದಿತು. ಕಾರು ಬೇಡವೆಂದ ಸರ್ಕಾರಕ್ಕೇ ವಿಮಾನ ಬೇಕಾಯಿತು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಕಾರು ಕಟ್ಟಹೊರಟವರು ಮೊದಲು ವಿಮಾನ ಕಟ್ಟಿದರು. ವಾಲ್‌ಚಂದರ ಪ್ರೀಮಿಯರ್ ಮೋಟಾರು ಕಂಪನಿ ಸ್ಥಾಪನೆಯಾದದ್ದು 1944ರಲ್ಲಿ.

ಅಮೆರಿಕದಲ್ಲಿ ಇದರ ತಿರುವುಮುರುವು ನಡೆದಿತ್ತು. 1901ರಲ್ಲಿ ಹೆನ್ರಿ ಫೋರ್ಡ್ ತಾನೇ ಕಟ್ಟಿದ ಕಾರನ್ನು ತಾನೇ ಓಡಿಸಿ, ಅಂದಿನ ಪ್ರಸಿದ್ಧ ಓಟಗಾರ ಅಲೆಕ್ಸಾಂಡರ್ ವಿಂಟನ್‌ನನ್ನು ಸೋಲಿಸಿದ. ಆ ಗೆಲುವಿನಿಂದ ಬಂದ ಹೆಸರೇ ಅವನಿಗೆ ಬಂಡವಾಳಗಾರರನ್ನು ತಂದುಕೊಟ್ಟಿತು. ನಾಲ್ಕು ದಶಕಗಳ ಬಳಿಕ ಅವನ ಕಂಪನಿ ಮಿಷಿಗನ್ನಿನ ವಿಲೋ ರನ್ ಎಂಬಲ್ಲಿ ಲಿಬರೇಟರ್ ಬಾಂಬರ್‌ಗಳನ್ನು, ಕಾರುಗಳನ್ನು ಜೋಡಿಸುವಂತೆಯೇ ಸಾಲಿನಲ್ಲಿ ಜೋಡಿಸಿತು. 1944ರಲ್ಲಿ ಗಂಟೆಗೊಂದರಂತೆ ನಾಲ್ಕು ಎಂಜಿನ್ನಿನ ವಿಮಾನಗಳು ಹೊರಬಂದವು. ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಫೋರ್ಡಿನವು. ಅವುಗಳ ಎಂಜಿನ್ನುಗಳನ್ನು ಬ್ಯುಕ್, ಷೆವ್ರೊಲೆ ಕಾರ್ಖಾನೆಗಳೂ ತಯಾರಿಸಿದವು. ಲೂಯಿ ಷೆವ್ರೊಲೆ ಸ್ವತಃ ಕಾರು ಓಟಗಾರನಾಗಿದ್ದವನು. ಹತ್ತಿಯ ಊರಿನ ಮಕ್ಕಳಿಗೆ ಇನ್ನೊಂದು ಮಾತು ಹಿಡಿಸಬಹುದು: ಲೋಹದ ಈ ದೈತ್ಯನ ಬಾಲದಲ್ಲಿ ವಿಮಾನವನ್ನು ತಿರುಗಿಸುವ ಅಂಗಗಳಿಗೆ ಹೊದಿಸಿದ್ದು ಬಟ್ಟೆ.

ಇದೇ ಬಾಂಬರ್‌ಗಳು ಭಾರತದ ನೆಲದಿಂದ ಹಾರಿ ಬರ್ಮಾ–ಸಯಾಮ್ ರೈಲುಮಾರ್ಗದ ಮೇಲೆ ಬಾಂಬು ಸುರಿದವು. ಜಪಾನೀಯರು ಆ ಮಾರ್ಗವನ್ನು ಕಟ್ಟಿಸಿದ್ದು ಯುದ್ಧಕೈದಿಗಳಿಂದ ಮತ್ತು ಕೂಲಿಗಳಿಂದ. ಆ ಕೂಲಿಗಳಲ್ಲಿ ಬಹುಮಂದಿ ಮಲಯದ ರಬ್ಬರ್ ತೋಟಗಳ ತಮಿಳರು, ಜಗತ್ತಿನ ಕಾರುಗಳ ಟೈರಿಗೆ ಹಾಲು ಇಳಿಸುತ್ತಿದ್ದವರು. ಸಂಗ್ರಹಾಲಯದಲ್ಲಿ ವಿಮಾನದ ಅಂದವನ್ನು ಮೆಚ್ಚುವಾಗ ಇದನ್ನು ಮಕ್ಕಳಿಂದ ಮರೆಮಾಡುವುದು ಸರಿಯಲ್ಲ.

ಯುದ್ಧ ಮುಗಿದಾಗ ಕಾನ್ಪುರದ ಬಯಲಿನಲ್ಲಿ ಲಿಬರೇಟರ್‌ಗಳು ಗುಜರಿಯಂತೆ ಬಿದ್ದಿದ್ದವು. ಮತ್ತೆ ಯಾರೂ ಹಾರಿಸಬಾರದೆಂದು ಬ್ರಿಟಿಷರು ಉಪಕರಣಗಳನ್ನು ಒಡೆದು, ಎಂಜಿನ್ನಿಗೆ ಮರಳು ಸುರಿದಿದ್ದರೆಂದು ಹೇಳುತ್ತಾರೆ. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಕೊಳ್ಳುವ ದಾರಿ ಸುಲಭವಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯವರು ಕಾನ್ಪುರಕ್ಕೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ, ಹಾರುವಷ್ಟಕ್ಕೆ ಸರಿಪಡಿಸಿದರು. ಕಂಪನಿಯ ಪರೀಕ್ಷಾ ವೈಮಾನಿಕ ಜಮ್‌ಷೆದ್ ಮುನ್ಷಿಯವರು ಆ ಅರೆಜೀವದ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಒಂದು ಎಂಜಿನ್ನು ನಡುದಾರಿಯಲ್ಲಿ ನಿಂತರೆ ಎಂಬ ಯೋಚನೆ ಪ್ರತಿ ಸಲವೂ ಇದ್ದಿರಲೇಬೇಕು. ಹೀಗೆ ಸುಮಾರು 40 ಲಿಬರೇಟರ್‌ಗಳಿಗೆ ಮರುಜೀವ ಬಂದಿತು. 1948ರ ನವೆಂಬರಿನಲ್ಲಿ ಅವುಗಳಿಂದ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಆರಂಭವಾಯಿತು. ಕೊನೆಯವು ನಿವೃತ್ತವಾದದ್ದು 1968ರಲ್ಲಿ. ಗುಜರಿಯಿಂದ ಎದ್ದು ಬಂದ ವಿಮಾನಕ್ಕೆ ಇಪ್ಪತ್ತು ವರ್ಷದ ಸೇವೆ ಕಡಿಮೆಯೇನಲ್ಲ. ಲಿಬರೇಟರನ್ನು ಕಣ್ಣಾರೆ ನೋಡಬೇಕೆನ್ನುವವರು ದೆಹಲಿಯ ಪಾಲಂ ಸಂಗ್ರಹಾಲಯಕ್ಕೆ ಹೋಗಬೇಕು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇಂದು ಕಾಣಸಿಗುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಕೆಲವು ಭಾರತದಿಂದಲೇ ಹೋದವು. ಬೆಂಗಳೂರಿನಲ್ಲಿ ಅದರ ನಂತರದ ತಲೆಮಾರಿನ ಕ್ಯಾನ್‌ಬೆರಾ ಬಾಂಬರ್ ನಿಂತಿದೆ. ಅದರ ಎರಡು ಜೆಟ್ ಎಂಜಿನ್ನುಗಳು ರಾಜಮಹಾರಾಜರ ಕಾರಿನ ಹೆಸರಿನವು, ರೋಲ್ಸ್ ರಾಯ್ಸ್.

ಮದ್ರಾಸಿನ ಹಳಿಯ ತುದಿಯಲ್ಲಿ ಕಥೆ ತಲೆಕೆಳಗಾಗುತ್ತದೆ. ನಗರದ ಉತ್ತರಕ್ಕೆ ಕಲ್ಕತ್ತೆಯ ಹೆದ್ದಾರಿಯ ಬಳಿ ಶೋಳವರಂ ಇದೆ. ಯುದ್ಧಕಾಲದ ವಿಮಾನ ಓಡುದಾರಿ. ವಿಮಾನಗಳು ಹೋದ ಮೇಲೆ ಅಲ್ಲಿ ಕಾರುಗಳು, ಬೈಕುಗಳು ಓಡತೊಡಗಿದವು. ಕಾರಣ ಸರಳ: ನೇರವಾದ ಗಟ್ಟಿ ನೆಲ, ಅಡ್ಡಬರುವ ಮರವಿಲ್ಲ, ಎತ್ತಿನಬಂಡಿಯಿಲ್ಲ. ಇಂಗ್ಲೆಂಡಿನ ಪ್ರಖ್ಯಾತ ಸಿಲ್ವರ್‌ಸ್ಟೋನ್ ಕೂಡ ವೆಲಿಂಗ್ಟನ್ ಬಾಂಬರ್‌ಗಳ ತರಬೇತಿ ನಿಲ್ದಾಣವಾಗಿದ್ದು, 1948ರಲ್ಲಿ ಓಟದ ಅಂಗಳವಾಯಿತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಆರಂಭವಾದದ್ದು 1953ರಲ್ಲಿ. ಅದೇ ವರ್ಷದ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು, ಮದ್ರಾಸ್ ರಾಜ್ಯವನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಕ್ಲಬ್ಬು ಕಟ್ಟಿದ ಇರುಂಗಾಟ್ಟುಕೋಟೈನ ಹೊಸ ಓಟದ ದಾರಿ 1990ರಲ್ಲಿ ತೆರೆಯಿತು. ಶೋಳವರಂನ ಗದ್ದಲ ಅಲ್ಲಿಗೆ ಸಾಗಿತು.