ಮಗುವಿನ ನಿದ್ದೆಯ ಆಳ

ಎಂಬತ್ತರ ದಶಕದಲ್ಲಿ ಸಕಲೇಶಪುರ, ಆಲೂರು ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ನಾನು ಅರಿವಳಿಕೆ ಕೊಡುತ್ತಿದ್ದಾಗ, ಮಗು ಎಷ್ಟು ಆಳದ ನಿದ್ದೆಯಲ್ಲಿದೆ ಎಂದು ತೋರಿಸುವ ಯಂತ್ರ ನಮ್ಮಲ್ಲಿರಲಿಲ್ಲ. ತಂತಿಯ ಮುಖವಾಡಕ್ಕೆ ಗಾಜ್ ಬಟ್ಟೆ ಹೊದಿಸಿ ಈಥರ್ ತೊಟ್ಟಿಕ್ಕಿಸುತ್ತಿದ್ದೆವು. ಹೆತ್ತೂರು, ಯಸಳೂರಿನ ತೋಟದ ಲೈನುಗಳಿಂದ ಹರ್ನಿಯಾ ಆಪರೇಷನ್ನಿಗೆ ಬಂದ ಮಕ್ಕಳು ಅದರ ಘಾಟಿಗೆ ಉಸಿರು ಬಿಗಿಹಿಡಿಯುತ್ತಿದ್ದವು.

ಅಮೆರಿಕದ ವೈದ್ಯ ಆರ್ಥರ್ ಗ್ವೆಡೆಲ್ ವಿವರಿಸಿದ ಈಥರ್ ನಿದ್ದೆಯ ನಾಲ್ಕು ಹಂತಗಳೇ ನಮಗೆ ದಾರಿ. ಎರಡನೆಯದರಲ್ಲಿ ಕಣ್ಣುಗುಡ್ಡೆ ಅಲೆದಾಡುತ್ತದೆ, ಉಸಿರು ಏರುಪೇರಾಗುತ್ತದೆ. ಆಗ ಕತ್ತರಿ ಹಾಕಿದರೆ ಮಗು ವಾಂತಿ ಮಾಡಬಹುದು, ಗಂಟಲು ಬಿಗಿದು ಗಾಳಿಯೇ ಹೋಗದಿರಬಹುದು. ಮೂರನೆಯದರಲ್ಲಿ ಉಸಿರು ಸಮವಾಗಿ, ಕಣ್ಣು ನಿಲ್ಲುತ್ತದೆ. ಸರ್ಜನ್‌ಗೆ ಅನುಮತಿ ಆಗಲೇ. ಪಕ್ಕೆಲುಬು ಅಲುಗದೆ ಹೊಟ್ಟೆ ಮಾತ್ರ ಏರಿಳಿಯತೊಡಗಿದರೆ ನಿದ್ದೆ ಅತಿಯಾಯಿತೆಂದು ಮುಖವಾಡ ಎತ್ತಬೇಕು.

ಈಥರ್ ಬದಲು ಹಾಲೋಥೇನ್ ಬಂದ ಮೇಲೆ ಘಾಟು ತಪ್ಪಿತು, ಭಯ ತಪ್ಪಲಿಲ್ಲ. ಅದು ಹೆಚ್ಚಾದರೆ ಎಳೆಯ ಹೃದಯ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಎದೆಗೆ ಸ್ಟೆತಸ್ಕೋಪಿನ ಬಿಲ್ಲೆ ಅಂಟಿಸಿ, ಕೊಳವೆಯನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ಕೊನೆಯವರೆಗೂ ಕೇಳುತ್ತಿದ್ದೆ. ಸದ್ದು ಕ್ಷೀಣಿಸಿತೆಂದರೆ ಔಷಧ ಹೆಚ್ಚಾಯಿತೆಂದೇ ಮೊದಲ ಗುಮಾನಿ. ಆಷಾಢದ ಮಳೆಗೆ ಕರೆಂಟು ಹೋದರೂ ಆ ಕೊಳವೆ ಕೆಲಸ ಮಾಡುತ್ತಿತ್ತು.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗಾಯದ ರಕ್ತ ಕಪ್ಪಾಗುತ್ತಿದೆ ಎಂದು ಸರ್ಜನ್ ಹೇಳುವ ಹೊತ್ತಿಗೆ ಆಕ್ಸಿಜನ್ ಬಹಳ ಇಳಿದಿರುತ್ತಿತ್ತು. 1974ರಲ್ಲಿ ಜಪಾನಿನ ತಕುವೊ ಅಯೋಯಾಗಿ ಕಂಡುಕೊಂಡ ತತ್ವದ ಪಲ್ಸ್ ಆಕ್ಸಿಮೀಟರ್, ತುಟಿ ನೀಲಿಯಾಗುವ ಮೊದಲೇ ಆ ಇಳಿತವನ್ನು ಬೆರಳ ತುದಿಯಲ್ಲಿ ಹಿಡಿದುಬಿಡುತ್ತದೆ. ಈಗ ಹಾಸನ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಗು ಹೊರಬಿಡುವ ಇಂಗಾಲದ ಡೈಆಕ್ಸೈಡ್, ಈಗಿನ ಅರಿವಳಿಕೆ ಔಷಧ ಸೆವೋಫ್ಲುರೇನ್ ಎಷ್ಟೆಂದು ಪರದೆಯಲ್ಲೇ ಕಾಣುತ್ತದೆ.

ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆಗಳನ್ನು 0ರಿಂದ 100ರವರೆಗಿನ ಒಂದು ಸಂಖ್ಯೆಯಾಗಿಸುವ ಬಿಸ್ ಯಂತ್ರಕ್ಕೆ ಅಮೆರಿಕ 1996ರಲ್ಲಿ ಒಪ್ಪಿಗೆ ಕೊಟ್ಟಿತು. 40ರಿಂದ 60 ಇದ್ದರೆ ಸಾಕಷ್ಟು ಆಳ. ಆದರೆ ಆ ಲೆಕ್ಕ ಕಟ್ಟಿದ್ದು ದೊಡ್ಡವರ ಮೆದುಳಿನ ಮೇಲೆ. ಮೂರು ತಿಂಗಳ ಕೂಸಿನ ಮೆದುಳಲೆಗಳೇ ಬೇರೆ. ಅಲ್ಲಿ ಆ ಸಂಖ್ಯೆಯನ್ನು ನೆಚ್ಚುವಂತಿಲ್ಲ. ಕೆಟಮಿನ್ ಎಂಬ ಅರಿವಳಿಕೆ ಮದ್ದು ಕೊಟ್ಟಾಗಲೂ ಅದು ದಾರಿ ತಪ್ಪಿಸುತ್ತದೆ. ಔಷಧದ ಅಳತೆಯೂ ವಯಸ್ಸಿನೊಂದಿಗೆ ಬದಲು: ದೊಡ್ಡವರಿಗೆ ಸುಮಾರು ಶೇಕಡ 2ರಷ್ಟು ಸೆವೋಫ್ಲುರೇನ್ ಸಾಕಾದರೆ ಎಳೆಗೂಸಿಗೆ 3ಕ್ಕೂ ಹೆಚ್ಚು ಬೇಕು. ಆದ್ದರಿಂದ ಪರದೆ ಎಷ್ಟೇ ದೊಡ್ಡದಿರಲಿ, ಮಗುವಿನ ತಲೆಯ ಬಳಿ ಅರಿವಳಿಕೆ ವೈದ್ಯರು ಕೊನೆಯವರೆಗೂ ಇರಲೇಬೇಕು.

ತಂದೆತಾಯಿಯರಲ್ಲಿ ಒಂದು ಮನವಿ. ಅನ್ನ, ಬಿಸ್ಕತ್ತು, ಹಸುವಿನ ಹಾಲು ಕೊಟ್ಟರೆ 6 ಗಂಟೆ, ಎದೆಹಾಲಾದರೆ 4 ಗಂಟೆ ಕಳೆದ ಮೇಲೆಯೇ ಅರಿವಳಿಕೆ ಕೊಡಬೇಕು. ಅಳುತ್ತದೆಂದು ಬೆಳಿಗ್ಗೆ ಒಂದು ಗುಟುಕು ಹಾಲು ಹಾಕಿದ ಕಾಫಿ ಕುಡಿಸಿದ್ದರೂ ಮುಚ್ಚಿಡದೆ ಹೇಳಿ. ಆಪರೇಷನ್ ಮಧ್ಯಾಹ್ನಕ್ಕೆ ಹೋದರೆ ಹೋಗಲಿ.