ನಾಲ್ಕನೆಯ ಸ್ಥಾನಕ್ಕೂ ಒಂದು ಬೆಲೆಯಿದೆ

ಕ್ರೀಡೆ ಎಂದರೆ ನಮ್ಮ ಮುಂಬಯಿ ಮನೆಗಳಲ್ಲಿ ಕ್ರಿಕೆಟ್ ಎಂದೇ ಅರ್ಥ. ವಡಾಲದ ನಮ್ಮ ಹುಡುಗರು ಶಿವಾಜಿ ಪಾರ್ಕಿಗೆ ಹೋಗುವುದೂ ಅದಕ್ಕಾಗಿಯೇ. ಅದೇ ಮೈದಾನದ ಸಮರ್ಥ ವ್ಯಾಯಾಮ ಮಂದಿರದಲ್ಲಿ ಹೆಣ್ಣುಮಕ್ಕಳು ಹಗ್ಗದ ಮಲ್ಲಕಂಬದಲ್ಲಿ ತೋರುವ ಕಸರತ್ತನ್ನು ನಿಂತು ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ? ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವಳು ದೀಪಾ ಕರ್ಮಾಕರ್.

ದೀಪಾ ಹುಟ್ಟಿದ್ದು 1993ರಲ್ಲಿ, ದೂರದ ತ್ರಿಪುರಾದ ಅಗರ್ತಲಾದಲ್ಲಿ. ತಂದೆ ವೇಟ್‌ಲಿಫ್ಟಿಂಗ್ ತರಬೇತುದಾರರು. ಆರನೆಯ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಸೇರಿದಾಗ ಆಕೆಯದು ಚಪ್ಪಟೆ ಪಾದ. ಓಡಿ ಜಿಗಿದು ನೆಲಕ್ಕಿಳಿಯುವ ಈ ವಿದ್ಯೆಗೆ ಅದು ದೊಡ್ಡ ತೊಡಕು. ಗುರು ಬಿಶ್ವೇಶ್ವರ ನಂದಿಯವರು ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಆ ಪಾದವನ್ನು ತಿದ್ದಿದರು. ಸರಿಯಾದ ಸಲಕರಣೆಯೂ ಇಲ್ಲದ ಕಾಲ. ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಸಾಧನ ಮಾಡಿಕೊಂಡು ಅಭ್ಯಾಸ ನಡೆಯಿತು.

ಆಕೆ ಆರಿಸಿಕೊಂಡದ್ದು 'ಪ್ರೊಡುನೊವಾ' ಎಂಬ ವಾಲ್ಟ್. ರಷ್ಯದ ಯೆಲೆನಾ ಪ್ರೊಡುನೊವಾ 1999ರಲ್ಲಿ ಮಾಡಿ ತೋರಿಸಿದ್ದರಿಂದ ಈ ಹೆಸರು. ವೇಗವಾಗಿ ಓಡಿಬಂದು, ಮೇಜಿನ ಮೇಲೆ ಕೈಯೂರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕು. ಸ್ವಲ್ಪ ತಪ್ಪಿದರೂ ಕುತ್ತಿಗೆಗೆ ಅಪಾಯ. ಜಗತ್ತಿನಲ್ಲಿ ಬೆರಳೆಣಿಕೆಯ ಮಹಿಳೆಯರಷ್ಟೇ ಇದನ್ನು ಸ್ಪರ್ಧೆಯಲ್ಲಿ ಮಾಡಿದ್ದಾರೆ. ಇದರ ಬಲದಿಂದಲೇ ದೀಪಾ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಕಂಚು ಗೆದ್ದಳು. 2016ರಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಆದಳು.

ರಿಯೋದಲ್ಲಿ ಆಗಸ್ಟ್ 14ರಂದು ಫೈನಲ್. ಚಿನ್ನ ಅಮೆರಿಕದ ಸಿಮೋನ್ ಬೈಲ್ಸ್‌ಗೆ. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರುಬರ್ ಅಂಕ 15.216, ನಮ್ಮ ದೀಪಾಳದು 15.066. ಕೇವಲ 0.150 ಅಂಕದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ! ಆದರೂ ಅದೇ ವರ್ಷ ದೇಶ ಆಕೆಗೆ ಖೇಲ್ ರತ್ನ ಕೊಟ್ಟಿತು.

ಮುಂದಿನ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 2017ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ. 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವರ್ಲ್ಡ್ ಚಾಲೆಂಜ್ ಕಪ್ ಚಿನ್ನ. ಬಳಿಕ ನಿಷೇಧಿತ ವಸ್ತು ಸೇವನೆಗಾಗಿ 21 ತಿಂಗಳ ಅಮಾನತು. ಅದು ಮುಗಿದದ್ದು 2023ರ ಜುಲೈಯಲ್ಲಿ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಕಥೆ ಪೂರ್ತಿಯಾಗದು. ಏಕೆಂದರೆ ಇಷ್ಟೆಲ್ಲ ಆದಮೇಲೆ, ಮೂವತ್ತರ ವಯಸ್ಸಿನಲ್ಲಿ, 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಆಕೆ ಚಿನ್ನ ಗೆದ್ದಳು. ಈ ಕೂಟದಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಅದೇ ಅಕ್ಟೋಬರಿನಲ್ಲಿ ನಿವೃತ್ತಿ ಘೋಷಿಸಿದಳು.

ನನ್ನ ತಂಗಿಯ ಮಗಳೂ ಕೆಲವು ವರ್ಷ ಜಿಮ್ನಾಸ್ಟಿಕ್ಸ್ ಕಲಿತವಳು. ಹತ್ತನೆಯ ತರಗತಿ ಬಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಹೆಣ್ಣು ಹುಡುಗಿ, ಕೈಕಾಲು ಮುರಿದರೆ ಯಾರು ಹೊಣೆ?" ಎಂದರು ಅಜ್ಜಿ. "ಮೆಡಲ್ ಬರದಿದ್ದರೆ ಇದರಿಂದ ಏನು ಸಿಗುತ್ತದೆ?" ಎಂದರು ಅವಳ ಅಪ್ಪ. ಹುಡುಗಿ ನನ್ನತ್ತ ತಿರುಗಿ, "ಮಾಮಾ, ನಾಲ್ಕನೇ ನಂಬರ್ ಬಂದವರಿಗೆ ಏನೂ ಇಲ್ಲವಾ?" ಎಂದಳು. ನಾನು ದೀಪಾಳ ಕಥೆ ಹೇಳಿದೆ. ವಾರಕ್ಕೆ ಮೂರು ದಿನ ಅಭ್ಯಾಸ, ಉಳಿದ ದಿನ ಓದು ಎಂದು ಒಪ್ಪಂದವಾಯಿತು. ಅವಳು ರಾಜ್ಯ ಮಟ್ಟಕ್ಕೂ ಹೋಗಲಿಲ್ಲ, ನಿಜ. ಆದರೆ ಈಗ ಭಾನುವಾರ ಬೆಳಿಗ್ಗೆ ತಮ್ಮ ಬಿಲ್ಡಿಂಗಿನ ಪುಟ್ಟ ಹುಡುಗಿಯರಿಗೆ ಕಸರತ್ತು ಕಲಿಸುತ್ತಾಳೆ. ಮೊದಲ ಪಾಠ, ಪೆಟ್ಟಾಗದಂತೆ ಬೀಳುವುದು ಹೇಗೆ ಎಂಬುದು!

ನಮ್ಮ ಸಂಘ ಸಂಸ್ಥೆಗಳು ವರ್ಷಂಪ್ರತಿ ಪ್ರತಿಭಾ ಪುರಸ್ಕಾರ ಕೊಡುತ್ತವೆ. ಹೆಚ್ಚಿನವು ಅಂಕಪಟ್ಟಿ ನೋಡಿಯೇ. ಅದು ಬೇಡವೆಂದಲ್ಲ. ಆದರೆ ಬೆಳಗಿನ ಐದಕ್ಕೆ ಎದ್ದು ಲೋಕಲ್ ಹಿಡಿದು ಅಭ್ಯಾಸಕ್ಕೆ ಹೋಗುವ ಹುಡುಗಿಗೂ ಆ ವೇದಿಕೆಯಲ್ಲಿ ಒಂದು ಕುರ್ಚಿ ಇರಲಿ, ಪದಕ ಬಂದಿರಲಿ ಬಿಡಲಿ. ತಮ್ಮ ತಂಗಿಯರೇ, ಈ ಬೇಡಿಕೆಯನ್ನು ಹಿರಿಯರ ಮುಂದಿಡುವ ಕೆಲಸ ನಿಮ್ಮದು. ನಿಮ್ಮ ಬೆನ್ನಿಗೆ ನಾನಿದ್ದೇನೆ.